ಫಾರ್ವರ್ಡ್ ಮಾಡಿದವನೂ ಸಾಕ್ಷಿಯೇ

2012ರ ಆಗಸ್ಟ್ ತಿಂಗಳ ನಡುವೆ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಸೇರಿದ್ದರು. ಅಸ್ಸಾಮಿನ ಕೊಕ್ರಝಾರ್ ಸುತ್ತಮುತ್ತ ಜುಲೈನಲ್ಲಿ ನಡೆದಿದ್ದ ಹಿಂಸಾಚಾರಕ್ಕೆ ರಂಜಾನ್ ಮುಗಿಯುತ್ತಲೇ ಬೆಂಗಳೂರಿನಲ್ಲಿ ಸೇಡು ತೀರಿಸಿಕೊಳ್ಳುತ್ತಾರೆ ಎಂಬ ಎಸ್ಸೆಮ್ಮೆಸ್‌ಗಳು ಮೊಬೈಲಿನಿಂದ ಮೊಬೈಲಿಗೆ ಹರಿದಿದ್ದವು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರ್ಕಾರ 15 ದಿನಗಳ ಮಟ್ಟಿಗೆ ಸಗಟು ಎಸ್ಸೆಮ್ಮೆಸ್‌ಗಳಿಗೆ ಐದರ ಮಿತಿ ಹಾಕಿತು. ಜನ ಹೆದರಿದ್ದಂಥ ದೊಡ್ಡ ದಾಳಿ ನಡೆಯಲೇ ಇಲ್ಲ. ಆರು ವರ್ಷ ಕಳೆಯುವಷ್ಟರಲ್ಲಿ ಎಸ್ಸೆಮ್ಮೆಸ್ ಹೋಗಿ ವಾಟ್ಸ್ಆ್ಯಪ್ ಬಂದಿತ್ತು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅದೇ ಸಂಶಯಕ್ಕೆ ಹೈದರಾಬಾದಿನ ಎಂಜಿನಿಯರೊಬ್ಬರು ಬಲಿಯಾದರು. ಅವರ ಗೆಳೆಯರ ತಂಡ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಸಂಶಯಕ್ಕೆ ಕಾರಣವಾಯಿತೆಂದು ವರದಿಯಾಗಿತ್ತು.

ಇಂಥ ಪ್ರಕರಣಗಳಲ್ಲಿ ಸುಳ್ಳನ್ನು ಹೊಸೆದವರು ಕೆಲವರೇ ಇರುತ್ತಾರೆ. ಹೊಡೆದವರೂ ಬೆರಳೆಣಿಕೆಯ ಜನ. ನಡುವೆ ನಿಂತವರು ಮಾತ್ರ ಲಕ್ಷಗಟ್ಟಲೆ: ಬಂದ ಸಂದೇಶವನ್ನು ಓದಿ, ಮನೆಯವರಿಗೂ ಸ್ನೇಹಿತರಿಗೂ ತಿಳಿದಿರಲೆಂದು ಮುಂದಕ್ಕೆ ತಳ್ಳಿದವರು. ಅವರಲ್ಲಿ ಹೆಚ್ಚಿನವರು ಯಾರಿಗೂ ಕೇಡು ಬಯಸಿರಲಾರರು. ಪೊಲೀಸರ ಎಫ್‌ಐಆರ್‌ನಲ್ಲಿ ಅವರ ಹೆಸರಿಲ್ಲ, ಅವರ ಮನಸ್ಸಿನಲ್ಲೂ ತಪ್ಪಿನ ಭಾವವಿಲ್ಲ. ಇಂಟರ್‌ನೆಟ್ಟಿನ ನೀತಿಯ ಬಗ್ಗೆ ನಾವು ಆಡುವ ಬಹುಪಾಲು ಮಾತು ಸುಳ್ಳು ಕಟ್ಟುವವರನ್ನೋ ಕಂಪನಿಗಳನ್ನೋ ಕುರಿತದ್ದು. ನಡುವೆ ನಿಂತ ಈ ಸಾಮಾನ್ಯ ಮನುಷ್ಯನ ಹೊಣೆ ಏನು ಎಂಬುದನ್ನು ಕ್ರೈಸ್ತ ನೈತಿಕ ಪರಂಪರೆ ಬಹಳ ಹಿಂದೆಯೇ ಯೋಚಿಸಿದೆ. ಅದು ಕೊಡುವ ಉತ್ತರ ನಿಷ್ಠುರವಾದದ್ದು: ಇನ್ನೊಬ್ಬನ ಬಗ್ಗೆ ಮಾತನ್ನು ದಾಟಿಸುವವನು ಅಂಚೆಯವನಲ್ಲ, ಸಾಕ್ಷಿ. ಸಾಕ್ಷಿಗೆ ಇರುವ ಹೊಣೆಯೆಲ್ಲ ಅವನಿಗೂ ಇದೆ.

ಊರ ಬಾಗಿಲಿನ ನ್ಯಾಯ

ಹತ್ತು ಆಜ್ಞೆಗಳಲ್ಲಿ ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳುವುದನ್ನು ನಿಷೇಧಿಸುವ ಆಜ್ಞೆಯೊಂದಿದೆ. ಕಥೋಲಿಕರೂ ಲೂಥರನ್ನರೂ ಅದನ್ನು ಎಂಟನೆಯದೆಂದು ಎಣಿಸುತ್ತಾರೆ, ಉಳಿದ ಪ್ರೊಟೆಸ್ಟೆಂಟರಲ್ಲಿ ಬಹುಪಾಲು ಜನ ಒಂಬತ್ತನೆಯದೆಂದು. ಅದು ಮೊದಲಿಗೆ ಹುಟ್ಟಿದ್ದು ನ್ಯಾಯ ನಡೆಯುವ ಜಾಗದಲ್ಲಿ. ಪ್ರಾಚೀನ ಇಸ್ರಯೇಲಿನಲ್ಲಿ ಊರ ಬಾಗಿಲಲ್ಲಿ ಹಿರಿಯರು ಕೂತು ನ್ಯಾಯ ತೀರಿಸುತ್ತಿದ್ದರು. ಪೊಲೀಸ್ ತನಿಖೆ ಇರಲಿಲ್ಲ, ಪ್ರಯೋಗಾಲಯ ಇರಲಿಲ್ಲ, ಆರೋಪಿಯ ತಲೆ ಉಳಿಯುವುದೂ ಉರುಳುವುದೂ ಸಾಕ್ಷಿಯ ನಾಲಗೆಯ ಮೇಲೆ ನಿಂತಿತ್ತು. ಆದ್ದರಿಂದಲೇ ಧರ್ಮೋಪದೇಶಕಾಂಡ ಸಾಕ್ಷಿಯ ಮೇಲೆ ಮೂರು ಭಾರ ಹೊರಿಸುತ್ತದೆ. ಒಬ್ಬನೇ ಹೇಳಿದರೆ ಯಾರನ್ನೂ ಅಪರಾಧಿಯೆಂದು ತೀರ್ಮಾನಿಸುವಂತಿಲ್ಲ, ಇಬ್ಬರು ಅಥವಾ ಮೂವರು ಬೇಕು. ಮರಣದಂಡನೆಯಾದರೆ ಮೊದಲ ಕಲ್ಲನ್ನು ಸಾಕ್ಷಿಯೇ ಎಸೆಯಬೇಕು, ತನ್ನ ಮಾತಿನ ಫಲ ಏನೆಂಬುದನ್ನು ತನ್ನ ಕೈಯಿಂದಲೇ ಅರಿಯಬೇಕು. ಹೇಳಿದ್ದು ಸುಳ್ಳೆಂದು ತಿಳಿದರೆ, ಆರೋಪಿಗೆ ಅವನು ತರಬಯಸಿದ ಶಿಕ್ಷೆಯೇ ಅವನಿಗೆ. ವಿಮೋಚನಕಾಂಡವಂತೂ ಇನ್ನೂ ಮುಂದೆ ಹೋಗಿ, ಸುಳ್ಳು ಸುದ್ದಿಯನ್ನು ಹಬ್ಬಿಸುವುದನ್ನೂ ಬಹುಜನರ ಹಿಂದೆ ಬಿದ್ದು ಕೆಡುಕಿಗೆ ಕೈಗೂಡಿಸುವುದನ್ನೂ ಅಕ್ಕಪಕ್ಕದಲ್ಲೇ ನಿಷೇಧಿಸುತ್ತದೆ. ವದಂತಿಗೂ ಗುಂಪಿಗೂ ಇರುವ ನಂಟು ಆ ಕಾಲದವರಿಗೂ ಗೊತ್ತಿತ್ತು.

ಈ ನಿಯಮಗಳ ಉದ್ದೇಶವೇ ಮುರಿದುಬಿದ್ದ ಕಥೆ ಹಳೆಯ ಒಡಂಬಡಿಕೆಯಲ್ಲೇ ಇದೆ. ಇಜ್ರೇಲಿನ ನಾಬೋತನ ದ್ರಾಕ್ಷಿತೋಟದ ಮೇಲೆ ಅರಸನಾದ ಅಹಾಬನಿಗೆ ಆಸೆ. ಪಿತ್ರಾರ್ಜಿತ ಭೂಮಿಯನ್ನು ಕೊಡಲಾರೆ ಎಂದ ನಾಬೋತ. ರಾಣಿ ಈಜೆಬೆಲ್ ಅರಸನ ಹೆಸರಿನಲ್ಲಿ, ಅರಸನ ಮುದ್ರೆಯೊತ್ತಿ ಊರಿನ ಹಿರಿಯರಿಗೆ ಪತ್ರ ಬರೆದಳು. ಹಿರಿಯರು ಪತ್ರದಲ್ಲಿದ್ದಂತೆ ನಡೆದುಕೊಂಡರು. ಇಬ್ಬರು ದುಷ್ಟರು ದೇವದೂಷಣೆಯ ಆರೋಪ ಹೊರಿಸಿದರು, ನಾಬೋತ ಕಲ್ಲೇಟಿಗೆ ಸತ್ತ. ಇಲ್ಲಿ ಇಬ್ಬರು ಸಾಕ್ಷಿಗಳಿರಬೇಕೆಂಬ ನಿಯಮ ಅಕ್ಷರಶಃ ಪಾಲನೆಯಾಗಿದೆ, ಮುದ್ರೆಯೂ ಅಸಲಿಯೇ. ಆದರೂ ಯಾರೊಬ್ಬರೂ ನಾಬೋತನ ಮಾತು ಕೇಳಲಿಲ್ಲ. ಗಮನಿಸಬೇಕಾದ್ದು ಆಮೇಲಿನದು. ಪ್ರವಾದಿ ಎಲೀಯ ಬಂದು, ಕೊಂದೆಯಲ್ಲಾ ಎಂದು ಹಿಡಿದು ಕೇಳಿದ್ದು ಅಹಾಬನನ್ನು. ಅಹಾಬ ಪತ್ರ ಬರೆದಿರಲಿಲ್ಲ, ಸುಳ್ಳು ಹೇಳಿರಲಿಲ್ಲ, ಕಲ್ಲನ್ನೂ ಎತ್ತಿರಲಿಲ್ಲ. ನಡೆದದ್ದನ್ನು ನಡೆಯಗೊಟ್ಟು ಅದರ ಲಾಭ ಪಡೆದಿದ್ದ, ಅಷ್ಟೇ. ಸುಳ್ಳಿನ ಸರಪಳಿಯಲ್ಲಿ ಯಾವ ಕೊಂಡಿಯೂ ನಿರ್ದೋಷಿಯಲ್ಲ ಎಂಬುದು ಈ ಕಥೆಯ ತೀರ್ಪು.

ನಂತರದ ಶತಮಾನಗಳಲ್ಲಿ ಕ್ರೈಸ್ತ ಚಿಂತಕರು ಈ ಆಜ್ಞೆಯನ್ನು ನ್ಯಾಯಾಲಯದಿಂದ ಬೀದಿಗೂ ಮನೆಗೂ ತಂದರು. 13ನೇ ಶತಮಾನದಲ್ಲಿ ಥಾಮಸ್ ಅಕ್ವೈನಾಸ್ ಮಾತಿನ ಪಾಪಗಳನ್ನು ಒಂದೊಂದಾಗಿ ಬಿಡಿಸಿಟ್ಟ: ಎದುರಿಗೇ ಬೈಯುವುದು, ಬೆನ್ನ ಹಿಂದೆ ಹಳಿಯುವುದು, ಚಾಡಿ ಹೇಳಿ ಗೆಳೆಯರನ್ನು ಅಗಲಿಸುವುದು, ಅಪಹಾಸ್ಯ ಮಾಡಿ ನಾಚಿಸುವುದು. ಅಷ್ಟಕ್ಕೇ ನಿಲ್ಲದೆ, ಹಳಿಯುವುದನ್ನು ತಡೆಯಬಲ್ಲವನು ತಡೆಯದೆ ಸುಮ್ಮನೆ ಕೇಳುತ್ತ ಕೂತರೆ ಅವನಿಗೂ ಪಾಲಿದೆಯೇ ಎಂಬ ಪ್ರಶ್ನೆಯನ್ನೂ ಎತ್ತಿ, ಇದೆ ಎಂದ. ಗ್ರೂಪಿನ ಅಡ್ಮಿನ್ ಆಗಿದ್ದೂ ಕಣ್ಣು ಮುಚ್ಚಿಕೊಳ್ಳುವವರಿಗೆ ಇದಕ್ಕಿಂತ ನೇರವಾದ ಮಾತಿಲ್ಲ. 1529ರಲ್ಲಿ ಮಾರ್ಟಿನ್ ಲೂಥರ್ ಮಕ್ಕಳಿಗೂ ಮನೆಯೊಡೆಯರಿಗೂ ಎಂದು ಬರೆದ ಕಿರು ಪ್ರಶ್ನೋತ್ತರ ಬೋಧೆಯಲ್ಲಿ ಆಜ್ಞೆಯನ್ನು ತಿರುವಿ ಹಾಕಿದ: ಸುಳ್ಳು ಹೇಳದಿದ್ದರೆ ಸಾಲದು, ನೆರೆಯವನ ಪರವಾಗಿ ಮಾತಾಡಬೇಕು, ಅವನ ನಡೆಗೆ ಸಾಧ್ಯವಾದಷ್ಟು ಒಳ್ಳೆಯ ಅರ್ಥ ಹಚ್ಚಬೇಕು. 1563ರ ಹೈಡೆಲ್‌ಬರ್ಗ್ ಬೋಧೆ ಅದಕ್ಕೆ ಇನ್ನೊಂದನ್ನು ಸೇರಿಸಿತು: ಯಾರ ಮಾತನ್ನೂ ತಿರುಚಬಾರದು, ಅವರ ಕಡೆಯ ಮಾತು ಕೇಳದೆ ದುಡುಕಿ ಖಂಡಿಸುವವರ ಜೊತೆ ಸೇರಬಾರದು. ಅರ್ಧ ನಿಮಿಷದ ಕ್ಲಿಪ್ ಕತ್ತರಿಸಿ ಹರಿಬಿಡುವ, ಅದನ್ನು ನೋಡಿ ಸಾವಿರ ಜನ ಒಬ್ಬನ ಮೇಲೆ ಮುಗಿಬೀಳುವ ಈ ಕಾಲಕ್ಕೆ ಆ ಎರಡು ನಿಯಮಗಳನ್ನು ತಿದ್ದುವ ಅಗತ್ಯವೇ ಇಲ್ಲ.

ನಿಜವಾದರೆ ಸಾಕೇ?

ಇಂದು ಸುಳ್ಳುಸುದ್ದಿಯ ವಿರುದ್ಧ ನಡೆಯುವ ಹೋರಾಟ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತದೆ: ಇದು ನಿಜವೋ ಸುಳ್ಳೋ? ಫ್ಯಾಕ್ಟ್‌ಚೆಕ್ ಮಾಡುವವರ ಶ್ರಮ ದೊಡ್ಡದು, ಅದು ಬೇಕೇ ಬೇಕು. ಆದರೆ 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಬೋಧೆಯ ಗ್ರಂಥ ಇನ್ನೊಬ್ಬರ ಮಾನಕ್ಕೆ ಧಕ್ಕೆ ತರುವ ದೋಷಗಳನ್ನು ಮೂರಾಗಿ ವಿಂಗಡಿಸುವಾಗ, ಸುಳ್ಳಾರೋಪ ಅದರಲ್ಲಿ ಕೊನೆಯದು ಮಾತ್ರ. ಅದಕ್ಕೂ ಮೊದಲು ಬರುವುದು ದುಡುಕಿನ ತೀರ್ಪು, ಸಾಕಷ್ಟು ಆಧಾರವಿಲ್ಲದೆ ಒಬ್ಬನ ತಪ್ಪನ್ನು ಮನಸ್ಸಿನಲ್ಲೇ ಖಚಿತ ಮಾಡಿಕೊಳ್ಳುವುದು. ಎರಡನೆಯದು, ನಿಜವಾಗಿಯೇ ಇರುವ ದೋಷವನ್ನು ತಕ್ಕ ಕಾರಣವಿಲ್ಲದೆ ಅದನ್ನು ಅರಿಯದವರ ಮುಂದೆ ಬಿಚ್ಚಿಡುವುದು. ಈ ಎರಡನ್ನೂ ಯಾವ ಫ್ಯಾಕ್ಟ್‌ಚೆಕ್ಕೂ ಹಿಡಿಯಲಾರದು. 2020ರ ಮಾರ್ಚ್‌ನಲ್ಲಿ, ವಿದೇಶದಿಂದ ಬಂದು ಮನೆಯಲ್ಲಿ ಕ್ವಾರಂಟೈನ್ ಆಗಿದ್ದವರ ವಿಳಾಸಗಳ ಪಟ್ಟಿಯನ್ನು ಕರ್ನಾಟಕ ಸರ್ಕಾರವೇ ಪ್ರಕಟಿಸಿತು, ಅದು ಗ್ರೂಪುಗಳಲ್ಲಿ ಹರಿದಾಡಿತು. ಪಟ್ಟಿ ಅಸಲಿಯೇ. ಆದರೆ ಬಹುಪಾಲು ಹಂಚಿಕೆಯಿಂದ ಯಾರ ಆರೋಗ್ಯವೂ ಕಾಪಾಡಲ್ಪಡಲಿಲ್ಲ, ಪಟ್ಟಿಯಲ್ಲಿದ್ದವರು ಮಾತ್ರ ನೆರೆಹೊರೆಯ ಕಣ್ಣಿಗೆ ಗುರಿಯಾದರು. ಒಬ್ಬ ವಿದ್ಯಾರ್ಥಿನಿಯ ಖಾಸಗಿ ಫೋಟೊ, ಒಂದು ಮನೆಯ ಜಗಳದ ಆಡಿಯೊ, ಕುಡಿದು ಬಿದ್ದವನ ವಿಡಿಯೊ ಎಲ್ಲವೂ ನಿಜವೇ ಇರಬಹುದು. ಸತ್ಯವೂ ಯಾರ ಮುಂದೆ, ಯಾತಕ್ಕಾಗಿ ಎಂದು ಕೇಳಿಕೊಂಡೇ ಹೊರಡಬೇಕು ಎಂಬುದು ಕ್ರೈಸ್ತ ನೀತಿ ನಮ್ಮ ಕಾಲಕ್ಕೆ ಕೊಡಬಲ್ಲ ಅತ್ಯಂತ ಉಪಯುಕ್ತ ವಿವೇಕ ಎಂದು ನಾನು ನಂಬುತ್ತೇನೆ.

ಈ ವಿವೇಕ ಬೇಕಾಗುವುದು ಮನುಷ್ಯನಿಗೇ, ಯಂತ್ರಕ್ಕಲ್ಲ ಎಂಬುದಕ್ಕೆ ಗಟ್ಟಿ ಪುರಾವೆಯಿದೆ. ಮಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಸುಮಾರು 30 ಲಕ್ಷ ಜನ ಹಂಚಿಕೊಂಡ 1.26 ಲಕ್ಷದಷ್ಟು ಸುದ್ದಿಗಳ ಹರಿವನ್ನು ಅಧ್ಯಯನ ಮಾಡಿ, 2018ರ ಮಾರ್ಚ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ನಿಜ ಸುದ್ದಿಗಿಂತ ಶೇ 70ರಷ್ಟು ಹೆಚ್ಚಿತ್ತು. 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಸಮಯ ಬೇಕಾಯಿತು. ಸ್ವಯಂಚಾಲಿತ ಖಾತೆಗಳನ್ನು ಬೇರ್ಪಡಿಸಿ ನೋಡಿದರೂ ಚಿತ್ರ ಬದಲಾಗಲಿಲ್ಲ, ಏಕೆಂದರೆ ಅವು ನಿಜವನ್ನೂ ಸುಳ್ಳನ್ನೂ ಸಮನಾಗಿಯೇ ಹಬ್ಬಿಸುತ್ತಿದ್ದವು. ಸುಳ್ಳಿಗೆ ವೇಗ ಕೊಟ್ಟದ್ದು ಹೊಸದನ್ನು ಕಂಡಾಗ ಬೆರಗಾಗುವ, ಹೇಸುವ ಮನುಷ್ಯನೇ. ಯಾಕೋಬನ ಪತ್ರಿಕೆ ನಾಲಗೆಯನ್ನು ಇಡೀ ಕಾಡನ್ನು ಸುಡುವ ಕಿಡಿಗೆ ಹೋಲಿಸಿದ್ದು ಒಂದನೇ ಶತಮಾನದಲ್ಲಿ. ಕಿಡಿ ಯಾವುದೆಂದು ಹುಡುಕುವುದರ ಜೊತೆಗೆ ಕಾಡು ಏಕೆ ಅಷ್ಟು ಒಣಗಿದೆ ಎಂದೂ ಕೇಳಬೇಕಾಗಿದೆ ಎಂದು ಈ ಅಂಕಿಗಳು ಹೇಳುತ್ತವೆ.

ಎದುರು ವಾದಗಳು

ಎಚ್ಚರಿಸಲೆಂದೇ ಕಳಿಸಿದೆ, ಅದರಲ್ಲೇನು ತಪ್ಪು ಎಂಬುದು ಮೊದಲ ವಾದ. ಮಕ್ಕಳ ಕಳ್ಳರ ಸುದ್ದಿಯನ್ನು ಹಂಚಿದ ತಾಯಿಯ ಕಳಕಳಿ ಸುಳ್ಳಲ್ಲ, ಅದನ್ನು ಹಗುರಾಗಿ ಕಾಣುವುದು ಅನ್ಯಾಯ. ಆದರೆ ಪ್ರತಿಯೊಂದು ಸಂದೇಶದಲ್ಲೂ ಮೂವರಿದ್ದಾರೆ: ಕಳಿಸುವವರು, ಪಡೆಯುವವರು, ಯಾರ ಬಗ್ಗೆ ಹೇಳಲಾಗಿದೆಯೋ ಅವರು. ಕಳಕಳಿ ಮೊದಲ ಇಬ್ಬರ ನಡುವೆಯೇ ತಿರುಗಿ ಮೂರನೆಯವನನ್ನು ಮರೆತುಬಿಡುತ್ತದೆ. ನನ್ನ ನೆರೆಯವನು ಯಾರು ಎಂದು ಧರ್ಮಶಾಸ್ತ್ರ ಬಲ್ಲವನೊಬ್ಬ ಕೇಳಿದಾಗ ಯೇಸು ಒಳ್ಳೆಯ ಸಮಾರ್ಯದವನ ಕಥೆ ಹೇಳಿದ. ಯೆಹೂದ್ಯರು ಯಾರನ್ನು ಹತ್ತಿರ ಸೇರಿಸುತ್ತಿರಲಿಲ್ಲವೋ ಆ ಜನರವನೇ ಅಲ್ಲಿ ನೆರೆಯವನಾಗಿ ನಿಲ್ಲುತ್ತಾನೆ. ಆ ಕಥೆಯನ್ನು ಒಪ್ಪಿದವರಿಗೆ ನೆರೆಯವನೆಂದರೆ ಕುಟುಂಬದ ಗ್ರೂಪಿನಲ್ಲಿರುವವನಷ್ಟೇ ಅಲ್ಲ. ಸಂದೇಶದ ಜೊತೆ ಬಂದ ಮಸುಕಾದ ಫೋಟೊದಲ್ಲಿ ನಿಂತಿರುವ ಬೇರೆ ಭಾಷೆಯ, ಬೇರೆ ಧರ್ಮದ ಅಪರಿಚಿತನೂ ನೆರೆಯವನೇ. ನಿಜಕ್ಕೂ ಎಚ್ಚರಿಸಬೇಕೆಂದಿದ್ದರೆ ಹತ್ತಿರದ ಠಾಣೆಗೆ ಒಂದು ಕರೆ ಮಾಡಿ ಕೇಳಿದರಾಗುತ್ತದೆ. ಆ ಎರಡು ನಿಮಿಷದ ಶ್ರಮವನ್ನೂ ಪಡದ ಕಳಕಳಿ ಇನ್ನೊಬ್ಬನ ಜೀವವನ್ನು ಪಣಕ್ಕಿಡುತ್ತದೆ.

ಎರಡನೆಯ ವಾದ ಇನ್ನೂ ಬಲವಾದದ್ದು. ಕೋಪವನ್ನೂ ಭಯವನ್ನೂ ಬಂಡವಾಳ ಮಾಡಿಕೊಂಡ ಕಂಪನಿಗಳು ವ್ಯವಸ್ಥೆಯನ್ನೇ ಹಾಗೆ ಕಟ್ಟಿರುವಾಗ ಒಬ್ಬೊಬ್ಬರ ಮನಸ್ಸಾಕ್ಷಿಗೆ ಉಪದೇಶ ಮಾಡಿ ಏನು ಫಲ? ಈ ಮಾತಿನಲ್ಲಿ ಸತ್ಯವಿದೆ. 2018ರ ಜುಲೈನಲ್ಲಿ ವಾಟ್ಸ್ಆ್ಯಪ್ ಭಾರತದಲ್ಲಿ ಫಾರ್ವರ್ಡ್‌ಗೆ ಐದು ಚಾಟ್‌ಗಳ ಮಿತಿ ಹಾಕಿತು. 2020ರ ಏಪ್ರಿಲ್‌ನಲ್ಲಿ, ಹಲವು ಸಲ ಕೈದಾಟಿದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸುವಂತೆ ಮಾಡಿತು. ಅದರ ಬಳಿಕ ಅಂಥ ಸಂದೇಶಗಳು ಜಗತ್ತಿನಾದ್ಯಂತ ಶೇ 70ರಷ್ಟು ಇಳಿದವೆಂದು ಕಂಪನಿಯೇ ಹೇಳಿತು. ಮ್ಯಾನ್ಮಾರ್‌ನಲ್ಲಿ ತನ್ನ ವೇದಿಕೆ ಹಿಂಸೆಗೆ ಬಳಕೆಯಾಗುವುದನ್ನು ತಡೆಯಲು ಸಾಕಷ್ಟು ಮಾಡಲಿಲ್ಲವೆಂದು ಫೇಸ್‌ಬುಕ್ 2018ರ ನವೆಂಬರ್‌ನಲ್ಲಿ ಒಪ್ಪಿಕೊಂಡಿತ್ತು. ವ್ಯವಸ್ಥೆ ಕಟ್ಟುವವರ ಹೊಣೆ ದೊಡ್ಡದು, ಕಾನೂನು ಅವರನ್ನು ಪ್ರಶ್ನಿಸುತ್ತಲೇ ಇರಬೇಕು. ಆದರೆ ಐದರ ಮಿತಿ ಸತ್ಯಾಸತ್ಯವನ್ನು ಸೋಸಲಿಲ್ಲ ಎಂಬುದನ್ನೂ ನೋಡಬೇಕು. ಅದು ಕೈಯನ್ನು ಒಂದು ಗಳಿಗೆ ತಡೆಯಿತು, ಅಷ್ಟೇ. ಆ ಗಳಿಗೆಯಲ್ಲಿ ಏನನ್ನು ಯೋಚಿಸಬೇಕೆಂದು ಯಾವ ಆ್ಯಪ್ ಕೂಡ ಕಲಿಸದು. ಕಾನೂನಿನ ಕೈ ಕೂಡ ಒಂದು ಮಟ್ಟಕ್ಕಿಂತ ಉದ್ದ ಚಾಚಬಾರದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ತೀರಾ ಅಸ್ಪಷ್ಟವಾಗಿದ್ದು ವಾಕ್ ಸ್ವಾತಂತ್ರ್ಯವನ್ನೇ ಕತ್ತು ಹಿಸುಕುವಂತಿದ್ದುದರಿಂದ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಅದನ್ನು ರದ್ದುಮಾಡಿತು. ಕಾನೂನು ಹಿಂದೆ ಸರಿಯಲೇಬೇಕಾದ ಆ ಜಾಗದಲ್ಲಿ ಮನಸ್ಸಾಕ್ಷಿಯ ಕೆಲಸ ಶುರುವಾಗುತ್ತದೆ.

ಮೂರನೆಯ ಆಕ್ಷೇಪವನ್ನು ಕ್ರೈಸ್ತರು ತಲೆಬಾಗಿ ಕೇಳಬೇಕು. ಇನ್ನೊಬ್ಬರ ದೋಷ ಆಡಬೇಡಿ ಎಂಬ ಉಪದೇಶ ಬಲಿಷ್ಠರ ಪಾಪಗಳಿಗೆ ಮುಸುಕಾಗಿ ಬಳಕೆಯಾಗಿದೆ. ಪಾದ್ರಿಗಳಿಂದ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯವನ್ನೂ ಅದನ್ನು ಮುಚ್ಚಿಟ್ಟ ಬಗೆಯನ್ನೂ 2002ರಲ್ಲಿ ‘ಬಾಸ್ಟನ್ ಗ್ಲೋಬ್’ ಪತ್ರಿಕೆ ಬಯಲಿಗೆಳೆಯದಿದ್ದರೆ ಆ ನೋವು ಇನ್ನೆಷ್ಟು ಕಾಲ ಕತ್ತಲಲ್ಲೇ ಇರುತ್ತಿತ್ತೋ. ಆದರೆ ಮುಚ್ಚಿಟ್ಟವರು ಆಜ್ಞೆಯನ್ನು ಪಾಲಿಸಲಿಲ್ಲ, ಮುರಿದರು. ಸಾಕ್ಷಿ ಹೇಳಲು ಕರೆ ಬಂದಾಗ ಕಂಡದ್ದನ್ನು ಹೇಳದೆ ಉಳಿದವನೂ ದೋಷಿ ಎಂದು ಯಾಜಕಕಾಂಡದ ಐದನೇ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಸಾಕ್ಷಿಗೆ ಎರಡು ಪಾಪಗಳಿವೆ: ಕಾಣದ್ದನ್ನು ಹೇಳುವುದು, ಕಂಡದ್ದನ್ನು ನುಂಗುವುದು. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ತಪ್ಪಿತಸ್ಥ ಸಹೋದರನ ಬಳಿ ಮೊದಲು ಒಬ್ಬನೇ ಹೋಗು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು ಎಂದು ಮೆಟ್ಟಿಲುಗಳನ್ನು ಹಾಕಿಕೊಡುತ್ತದೆ. ಕೊನೆಯ ಮೆಟ್ಟಿಲು ಬಹಿರಂಗವೇ. ಇನ್ನು ಮಗುವಿನ ಮೇಲಿನ ಅಪರಾಧವಾದರೆ ಖಾಸಗಿ ಮಾತುಕತೆಗೆ ಎಡೆಯೇ ಇಲ್ಲ. 2012ರ ಪೋಕ್ಸೊ ಕಾಯ್ದೆ ಅದನ್ನು ತಿಳಿದವರು ವರದಿ ಮಾಡಲೇಬೇಕೆನ್ನುತ್ತದೆ, ಮಾಡದಿದ್ದರೆ ಶಿಕ್ಷೆ ವಿಧಿಸುತ್ತದೆ. ಅದೇ ಕಾಯ್ದೆ ಮಗುವಿನ ಗುರುತನ್ನು ಬಯಲು ಮಾಡುವುದನ್ನೂ ನಿಷೇಧಿಸುತ್ತದೆ. ಹೇಳಬೇಕಾದವರಿಗೆ ಹೇಳು, ಸಂತ್ರಸ್ತರನ್ನು ಸಂತೆಗೆ ತರಬೇಡ. ನಮ್ಮ ಕಾನೂನೂ ಆ ಹಳೆಯ ಆಜ್ಞೆಯೂ ಇಲ್ಲಿ ಒಂದೇ ಕಡೆ ನಿಲ್ಲುತ್ತವೆ.

ವದಂತಿಯ ಇತಿಹಾಸದಲ್ಲಿ ಕ್ರೈಸ್ತ ಸಮಾಜದ ಕೈಗಳೂ ಶುದ್ಧವಾಗಿಲ್ಲ, ಅವರೇನು ಕಲಿಸಿಯಾರು ಎಂಬ ಮಾತೂ ಬರುತ್ತದೆ. 14ನೇ ಶತಮಾನದ ಮಹಾಪ್ಲೇಗಿನಲ್ಲಿ ಯೆಹೂದ್ಯರು ಬಾವಿಗಳಿಗೆ ವಿಷ ಬೆರೆಸಿದರೆಂಬ ವದಂತಿ ಯೂರೋಪಿನಲ್ಲಿ ಹಬ್ಬಿತು. ಅವಿನ್ಯೋನ್‌ನಲ್ಲಿದ್ದ ಪೋಪ್ ಆರನೇ ಕ್ಲೆಮೆಂಟ್ 1348ರಲ್ಲಿ ಅದನ್ನು ಅಲ್ಲಗಳೆದು ಆದೇಶ ಹೊರಡಿಸಿದ. ಯೆಹೂದ್ಯರೂ ಇದೇ ರೋಗಕ್ಕೆ ಸಾಯುತ್ತಿದ್ದಾರೆ, ಯೆಹೂದ್ಯರೇ ಇಲ್ಲದ ಪ್ರದೇಶಗಳಲ್ಲೂ ಜನ ಸಾಯುತ್ತಿದ್ದಾರೆ, ಹಾಗಿರುವಾಗ ಈ ಆರೋಪ ಹೇಗೆ ನಿಂತೀತು ಎಂಬುದು ಅವನ ತರ್ಕ. ಆದರೂ 1349ರ ಫೆಬ್ರುವರಿಯಲ್ಲಿ, ಪ್ಲೇಗು ಕಾಲಿಡುವ ಮೊದಲೇ, ಸ್ಟ್ರಾಸ್‌ಬರ್ಗಿನ ಕ್ರೈಸ್ತರು ನೂರಾರು ಯೆಹೂದ್ಯರನ್ನು ಸುಟ್ಟುಹಾಕಿದರು. 1475ರಲ್ಲಿ ಇಟಲಿಯ ಟ್ರೆಂಟ್‌ನಲ್ಲಿ ಸೀಮೋನನೆಂಬ ಮಗುವಿನ ಶವ ಸಿಕ್ಕಾಗ ಅಲ್ಲಿನ ಯೆಹೂದ್ಯರ ಮೇಲೆ ನರಬಲಿಯ ಆರೋಪ ಹೊರಿಸಿ, ಚಿತ್ರಹಿಂಸೆಯಿಂದ ತಪ್ಪೊಪ್ಪಿಗೆ ಹೊರಡಿಸಿ ಕೊಂದರು. ಯೂರೋಪಿಗೆ ಹೊಸದಾಗಿದ್ದ ಅಚ್ಚುಯಂತ್ರ ಆ ಸುಳ್ಳನ್ನು ದೂರದೂರಕ್ಕೆ ಒಯ್ದಿತು, ಮಗುವನ್ನು ಸಂತನಂತೆ ಆರಾಧಿಸತೊಡಗಿದರು. ಆ ಆರಾಧನೆಯನ್ನು ಕಥೋಲಿಕ ಸಭೆ ನಿಲ್ಲಿಸಿದ್ದು 1965ರಲ್ಲಿ, ಅಂದರೆ 490 ವರ್ಷಗಳ ಬಳಿಕ. ಈ ಇತಿಹಾಸ ಬೋಧನೆಯನ್ನು ಸುಳ್ಳಾಗಿಸುವುದಿಲ್ಲ. ಬೋಧನೆ ಬಾಯಲ್ಲಿದ್ದ ಮಾತ್ರಕ್ಕೆ ಗುಂಪು ತಡೆಯುವುದಿಲ್ಲ, ಪೋಪನ ತರ್ಕಕ್ಕೂ ತಡೆಯುವುದಿಲ್ಲ ಎಂದು ಅದು ತೋರಿಸುತ್ತದೆ. ಒಬ್ಬೊಬ್ಬನೂ ತಾನು ಸಾಕ್ಷಿಯೆಂದು ಅರಿತಾಗಲೇ ಗುಂಪು ಬಿಡಿಬಿಡಿ ಮನುಷ್ಯರಾಗಿ ಒಡೆಯುವುದು.

ತಿದ್ದುವ ಸಾಲ

ಟ್ರೆಂಟ್‌ನ 490 ವರ್ಷಗಳು ಇನ್ನೊಂದು ಪಾಠವನ್ನೂ ಹೇಳುತ್ತವೆ. ನಮ್ಮ ಕಾಲದ ನೀತಿಯಲ್ಲಿ ತೀರಾ ಕಡೆಗಣಿಸಲಾದದ್ದು ತಪ್ಪಾದ ಮೇಲಿನ ಕರ್ತವ್ಯ. ಸುಳ್ಳೆಂದು ತಿಳಿದ ಮೇಲೆ ಹೆಚ್ಚಿನವರು ಸುಮ್ಮನಾಗುತ್ತಾರೆ, ಕೆಲವರು ‘ಎಲ್ಲರಿಗೂ ಅಳಿಸು’ ಒತ್ತಿ ಮರೆಯುತ್ತಾರೆ. ಆದರೆ ಅಳಿಸಿದ್ದು ತನ್ನ ಗುರುತನ್ನಷ್ಟೇ. ಆ ಗ್ರೂಪಿನಿಂದ ಬೇರೆ ಗ್ರೂಪುಗಳಿಗೆ ದಾಟಿದ ಪ್ರತಿ ಹಾಗೆಯೇ ಓಡುತ್ತಿರುತ್ತದೆ. ಕಥೋಲಿಕ ಬೋಧೆ ಇಲ್ಲಿ ಖಂಡಿತವಾಗಿ ಮಾತಾಡುತ್ತದೆ: ಸತ್ಯಕ್ಕೂ ನ್ಯಾಯಕ್ಕೂ ಆದ ಹಾನಿಯನ್ನು ತುಂಬಿಕೊಡಲೇಬೇಕು, ಪಾಪಕ್ಷಮೆ ದೊರೆತಿದ್ದರೂ ಆ ಹೊಣೆ ಉಳಿಯುತ್ತದೆ. ಯೆರಿಕೋವಿನ ಸುಂಕದ ಅಧಿಕಾರಿ ಜಕ್ಕಾಯ ಯೇಸುವಿನ ಎದುರು ನಿಂತು, ಮೋಸದಿಂದ ಕಸಿದದ್ದಕ್ಕೆ ನಾಲ್ಕು ಪಟ್ಟು ಹಿಂತಿರುಗಿಸುತ್ತೇನೆಂದ. ಮಾನವೂ ಕಸಿಯಬಹುದಾದ ಸೊತ್ತೇ. ಯಾವ ಗ್ರೂಪಿಗೆ ಸುಳ್ಳನ್ನು ಕಳಿಸಿದೆವೋ ಅದೇ ಗ್ರೂಪಿಗೆ, ಅಷ್ಟೇ ಎದ್ದು ಕಾಣುವಂತೆ, ನಾನು ಕಳಿಸಿದ್ದು ತಪ್ಪು ಎಂದು ಹೆಸರಿಟ್ಟು ಬರೆಯುವುದು ಕ್ರೈಸ್ತ ದೃಷ್ಟಿಯಲ್ಲಿ ದೊಡ್ಡತನವಲ್ಲ, ತೀರಿಸಬೇಕಾದ ಸಾಲ.

ಇದನ್ನು ಕ್ರೈಸ್ತರಲ್ಲದವರು ಏಕೆ ಕೇಳಬೇಕು? ಯಾರೂ ತಮ್ಮ ಶ್ರದ್ಧೆಯನ್ನು ಬದಲಿಸಬೇಕಿಲ್ಲ. ಹುಸಿ ನುಡಿಯಬೇಡ, ಇದಿರನ್ನು ಹಳಿಯಬೇಡ ಎಂಬ ಎರಡು ನಿಷೇಧಗಳನ್ನೂ ಬಸವಣ್ಣನವರು ಒಂದೇ ವಚನದಲ್ಲಿ ಇಟ್ಟದ್ದು ಕನ್ನಡಿಗರಿಗೆ ಹೊಸತಲ್ಲ. ಒಂದೊಂದು ಪರಂಪರೆಯೂ ತಾನು ಆಳವಾಗಿ ಯೋಚಿಸಿದ್ದನ್ನು ಎಲ್ಲರ ಮುಂದೆ ಇಡಬೇಕಾದ ಕಾಲವಿದು. ಕ್ರೈಸ್ತರ ಮೇಲಾದರೋ ಈ ಮಾತಿನ ಭಾರ ಹೆಚ್ಚು. ಪೋಪ್ ಫ್ರಾನ್ಸಿಸ್ 2018ರ ವಿಶ್ವ ಸಂವಹನ ದಿನದ ಸಂದೇಶವನ್ನು ಸುಳ್ಳು ಸುದ್ದಿಗೇ ಮೀಸಲಿಟ್ಟು, ಏದೆನ್ ತೋಟದಲ್ಲಿ ಸರ್ಪ ಆಡಿದ ಮಾತಿನಿಂದಲೇ ಅದರ ಚರಿತ್ರೆಯನ್ನು ಆರಂಭಿಸಿದರು. 2019ರಲ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಸಭೆ ಆನ್‌ಲೈನ್ ನಡವಳಿಕೆಗೆ ಒಂದು ಸನ್ನದನ್ನೇ ಪ್ರಕಟಿಸಿತು. ಆದರೆ ರೋಮ್, ಲಂಡನ್‌ಗಳ ದಾಖಲೆ ಮಂಗಳೂರಿನ ವಾರ್ಡಿನ ಗ್ರೂಪಿಗೆ, ಮೈಸೂರಿನ ಯುವಜನ ಕೂಟಕ್ಕೆ, ಬೀದರಿನ ಸಭೆಗೆ ಇಳಿಯದಿದ್ದರೆ ಕಾಗದವಾಗಿಯೇ ಉಳಿಯುತ್ತದೆ. ಭಾನುವಾರದ ಶಾಲೆಯಲ್ಲಿ ಹತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿಸುವವರು ಸುಳ್ಳುಸಾಕ್ಷಿಯ ಆಜ್ಞೆಗೆ ಬಂದಾಗ ಮಕ್ಕಳ ಕೈಯ ಫೋನನ್ನೇ ಪಾಠವಾಗಿಸಲಿ. ತಪಸ್ಸುಕಾಲದಲ್ಲಿ ಮಾಂಸ ಬಿಡುವವರು ಕಳೆದ ವರ್ಷ ತಾವು ದಾಟಿಸಿದ ಒಂದು ಸುಳ್ಳನ್ನಾದರೂ ಹುಡುಕಿ ತಿದ್ದಲಿ. ಪಾಪನಿವೇದನೆಗೆ ಮುನ್ನ ಆತ್ಮಶೋಧನೆ ಮಾಡುವಾಗ ಆಡಿದ ಮಾತಿನ ಜೊತೆ ಕಳಿಸಿದ ಮಾತೂ ನೆನಪಾಗಲಿ. ಪ್ರತಿ ಫಾರ್ವರ್ಡ್‌ಗೂ ಮುನ್ನ ಕೇಳಿಕೊಳ್ಳಬೇಕಾದ್ದು ಮೂರೇ: ಇದು ನಿಜವೆಂದು ನನಗೆ ಹೇಗೆ ಗೊತ್ತು? ನಿಜವೇ ಆದರೂ ಇವರಿಗೆ ಇದು ತಿಳಿಯಬೇಕಾದದ್ದೇ? ಯಾರ ಬಗ್ಗೆ ಇದೆಯೋ ಅವರ ಮಾತನ್ನು ಯಾರಾದರೂ ಕೇಳಿದ್ದಾರೆಯೇ? ಈ ಮೂರಕ್ಕೂ ಉತ್ತರವಿಲ್ಲದೆ ಬೆರಳು ಒತ್ತುವವನು, ತಾನೊಬ್ಬ ಓದುಗನಷ್ಟೇ ಎಂದು ಎಷ್ಟೇ ಹೇಳಿಕೊಂಡರೂ, ಒಬ್ಬ ಮನುಷ್ಯನ ವಿರುದ್ಧ ಸಾಕ್ಷಿ ನುಡಿದಿದ್ದಾನೆ. ಆ ಸಾಕ್ಷ್ಯಕ್ಕೆ ಅವನೇ ಉತ್ತರ ಕೊಡಬೇಕು.